ಹಿರಿಯರಿಗೆ ಕಲಿಸುವುದು ಹೇಗೆಂದು ಮೊದಲು ಮಕ್ಕಳಿಗೆ ಕಲಿಸೋಣ

ಪಿಂಚಣಿ ಪಡೆಯುವವರು ತಾವು ಬದುಕಿದ್ದೇವೆ ಎಂಬುದನ್ನು ಪ್ರತಿ ವರ್ಷ ದೃಢಪಡಿಸಬೇಕು. 2014ರ ನವೆಂಬರ್‌ನಲ್ಲಿ ಕೇಂದ್ರ ಸರಕಾರವು ಜೀವನ್ ಪ್ರಮಾಣ್ ಎಂಬ ಡಿಜಿಟಲ್ ವ್ಯವಸ್ಥೆಯನ್ನು ಜಾರಿಗೆ ತಂದ ಬಳಿಕ ಈ ಕೆಲಸವನ್ನು ಬ್ಯಾಂಕಿನ ಮುಂದೆ ಸಾಲು ನಿಲ್ಲದೆಯೂ ಮಾಡಬಹುದಾಗಿದೆ. ಈಗ ಮನೆಯಲ್ಲೇ ಕುಳಿತು ಮೊಬೈಲ್ ಕ್ಯಾಮರಾಕ್ಕೆ ಮುಖ ತೋರಿಸಿದರೂ ಸಾಕು. ಜಮೀನಿನ ಪಹಣಿಗೆ ಭೂಮಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯ ಜಾಲತಾಣ, ಇನ್ನಿತರ ಹಲವು ಸರಕಾರಿ ಸೇವೆಗಳಿಗೆ ಸೇವಾಸಿಂಧು. ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ನೇರವಾಗಿ ಬ್ಯಾಂಕ್ ಖಾತೆಗೆ ಸೇರುತ್ತದೆ. ಅದು ಬಂದಿದೆಯೋ ಇಲ್ಲವೋ ಎಂಬುದನ್ನು ತಿಳಿಸುವುದು ಮೊಬೈಲ್‌ಗೆ ಬರುವ ಒಂದು ಸಂದೇಶ. ಹಜ್ ಯಾತ್ರೆಯ ಅರ್ಜಿಯನ್ನು ಸಲ್ಲಿಸಬೇಕಾದದ್ದು ಆನ್‌ಲೈನ್‌ನಲ್ಲಿ. ಯಾತ್ರಿಕರಿಗಾಗಿ 2024ರಲ್ಲಿ ಹಜ್ ಸುವಿಧಾ ಆ್ಯಪ್ ಬಂತು. ಮದೀನಾದ ಮಸ್ಜಿದುನ್ನಬವಿಯಲ್ಲಿ ರೌದಾ ಶರೀಫ್ ಪ್ರವೇಶಿಸಲು ನುಸುಕ್ ಆ್ಯಪ್‌ನಲ್ಲಿ ಮುಂಚಿತವಾಗಿ ಅನುಮತಿ ಪಡೆದಿರಬೇಕು. 2025ರ ಜೂನ್‌ನಲ್ಲಿ ಉಮೀದ್ ಪೋರ್ಟಲ್ ಆರಂಭವಾದಾಗ ವಕ್ಫ್ ಆಸ್ತಿಗಳ ದಾಖಲೆಗಳನ್ನು ಅದರಲ್ಲಿ ಸೇರಿಸಲು ನೀಡಲಾದ ಅವಧಿ ಆರು ತಿಂಗಳು. ಆ ದಾಖಲೆಗಳ ಬಗ್ಗೆ ಸರಿಯಾಗಿ ಬಲ್ಲವರು ಹೆಚ್ಚಾಗಿ ಊರಿನ ಹಿರಿಯ ಮುತವಲ್ಲಿಗಳು. ಆದರೆ ಅವುಗಳನ್ನು ಸ್ಕ್ಯಾನ್ ಮಾಡಿ ಏರಿಸುವ ವಿದ್ಯೆ ಅವರಲ್ಲಿ ಹಲವರಿಗೆ ಗೊತ್ತಿರಲಿಲ್ಲ.

ಆರಾಧನೆಯಿಂದ ಹಿಡಿದು ಅನ್ನದವರೆಗೆ ನಮ್ಮ ಬದುಕಿನ ಬಹುತೇಕ ಬಾಗಿಲುಗಳು ಇಂದು ಒಂದು ಪುಟ್ಟ ಪರದೆಯ ಮೇಲಿವೆ. ಪ್ರಶ್ನೆ ಇರುವುದು, ಈ ಬಾಗಿಲನ್ನು ಸ್ವತಃ ತೆರೆಯುವ ಸಾಮರ್ಥ್ಯ ನಮ್ಮ ತಂದೆ-ತಾಯಿಗೆ, ಅಜ್ಜ-ಅಜ್ಜಿಯರಿಗೆ ಇದೆಯೇ ಎಂಬುದು. ಇಲ್ಲವೆಂದಾದರೆ ಅವರು ಏನು ಮಾಡುತ್ತಾರೆ? ಮೊಬೈಲನ್ನು ಇನ್ನೊಬ್ಬರ ಕೈಗೆ ಕೊಡುತ್ತಾರೆ. ಜೊತೆಗೆ ಪಿನ್ ಸಂಖ್ಯೆಯನ್ನೂ ಹೇಳುತ್ತಾರೆ. ಬರುವ ಒಟಿಪಿಯನ್ನು ಓದಿ ಹೇಳುತ್ತಾರೆ. ಸೈಬರ್ ಸೆಂಟರಿನ ಹುಡುಗ, ಪಕ್ಕದ ಮನೆಯ ಯುವಕ, ಅಂಗಡಿಯವ, ಹೀಗೆ ಯಾರು ಸಿಗುತ್ತಾರೋ ಅವರ ಪ್ರಾಮಾಣಿಕತೆಯ ಮೇಲೆ ತಮ್ಮ ಉಳಿತಾಯವನ್ನೆಲ್ಲ ಇಟ್ಟುಬಿಡುತ್ತಾರೆ. ನಲವತ್ತು ವರ್ಷ ಅಂಗಡಿ ನಡೆಸಿದ, ಮಕ್ಕಳನ್ನು ಓದಿಸಿದ, ಮಸೀದಿಯ ಲೆಕ್ಕಪತ್ರವನ್ನು ಒಂದು ಪೈಸೆಯೂ ತಪ್ಪದಂತೆ ಬರೆದಿಟ್ಟ ವ್ಯಕ್ತಿ ತನ್ನ ಖಾತೆಯಲ್ಲಿ ಎಷ್ಟು ಹಣವಿದೆ ಎಂದು ತಿಳಿಯಲು ಇನ್ನೊಬ್ಬರ ಮುಂದೆ ನಿಲ್ಲಬೇಕಾಗಿ ಬರುವುದು ಕೇವಲ ಅನಾನುಕೂಲತೆಯ ವಿಷಯವಲ್ಲ. ಅದು ಅವರ ಗೌರವದ ವಿಷಯ.

ಮನೆಯಲ್ಲಿ ಮಕ್ಕಳಿದ್ದಾರಲ್ಲ, ಅವರು ಮಾಡಿಕೊಡುತ್ತಾರಲ್ಲ ಎಂದು ಕೆಲವರು ಹೇಳಬಹುದು. ಸಮಸ್ಯೆ ಆರಂಭವಾಗುವುದೇ ಇಲ್ಲಿಂದ. ಮಾಡಿಕೊಡುವುದು ಬೇರೆ, ಕಲಿಸುವುದು ಬೇರೆ. ವಿಡಿಯೋ ಕಾಲ್ ಮಾಡುವುದು ಹೇಗೆ ಎಂದು ಅಜ್ಜಿ ಕೇಳುತ್ತಾರೆ. ಮೊಮ್ಮಗ ಮೊಬೈಲನ್ನು ಕೈಗೆತ್ತಿಕೊಂಡು ನಾಲ್ಕು ಸೆಕೆಂಡಿನಲ್ಲಿ ನಾಲ್ಕು ಕಡೆ ಒತ್ತಿ ಮರಳಿಸುತ್ತಾನೆ. ದುಬೈಯಲ್ಲಿರುವ ಮಗನ ಮುಖ ಪರದೆಯ ಮೇಲೆ ಬರುತ್ತದೆ. ಅಜ್ಜಿಗೆ ಸಂತೋಷವೂ ಆಗುತ್ತದೆ. ಆದರೆ ಮರುದಿನ ಮೊಮ್ಮಗ ಕಾಲೇಜಿಗೆ ಹೋದ ಬಳಿಕ ಅವರು ಅದೇ ಮೊಬೈಲ್ ಹಿಡಿದುಕೊಂಡು ಸುಮ್ಮನೆ ಕುಳಿತಿರುತ್ತಾರೆ. ನಾಲ್ಕನೆಯ ಬಾರಿ ಕೇಳಿದಾಗ ಮೊಮ್ಮಗನ ಮುಖದಲ್ಲಿ ಅಸಹನೆ ಕಾಣಿಸುತ್ತದೆ. ಐದನೆಯ ಬಾರಿ ಅಜ್ಜಿ ಕೇಳುವುದೇ ಇಲ್ಲ. ಹಿರಿಯರಿಗೆ ಕಲಿಯುವ ಆಸಕ್ತಿಯಿಲ್ಲ ಎಂದು ನಾವು ಬಹಳ ಸುಲಭವಾಗಿ ತೀರ್ಪು ಕೊಟ್ಟುಬಿಡುತ್ತೇವೆ. ಆದರೆ ಅವರಿಗೆ ಕಲಿಸುವ ಕ್ರಮ ನಮ್ಮ ಮಕ್ಕಳಿಗೆ ಗೊತ್ತಿಲ್ಲ ಎಂಬುದು ನಮಗೆ ಹೊಳೆಯುವುದೇ ಇಲ್ಲ. ಹದಿನೇಳರ ಹುಡುಗನಿಗೆ ಮೊಬೈಲ್ ಗೊತ್ತಿದೆ ನಿಜ. ಆದರೆ ಗೊತ್ತಿರುವುದನ್ನು ಗೊತ್ತಿಲ್ಲದವರಿಗೆ ದಾಟಿಸುವುದು ಇನ್ನೊಂದು ವಿದ್ಯೆ. ಅದನ್ನು ಅವನಿಗೆ ಯಾರೂ ಕಲಿಸಿಲ್ಲ.

ಈ ಕೊರತೆಯ ಬೆಲೆ ಸಣ್ಣದಲ್ಲ. ಪೊಲೀಸ್ ಅಧಿಕಾರಿಯ ವೇಷ ತೊಟ್ಟು ವಿಡಿಯೋ ಕಾಲ್‌ನಲ್ಲಿ ಬಂದು, ನಿಮ್ಮ ಹೆಸರಿನಲ್ಲಿ ಮಾದಕ ವಸ್ತುವಿನ ಪಾರ್ಸೆಲ್ ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಲಾಗಿದೆ ಎಂದು ಬೆದರಿಸಿ ಹಿರಿಯರ ಜೀವಮಾನದ ದುಡಿಮೆಯನ್ನು ದೋಚುವ ಜಾಲದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತಿದ್ದೇವೆ. ಭಾರತದ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಯುಪಿಐಯಲ್ಲಿ ಹಣ ಸ್ವೀಕರಿಸಲು ಪಿನ್ ನಮೂದಿಸುವ ಅಗತ್ಯವೇ ಇಲ್ಲ. ಹಣ ಬರುತ್ತದೆಂದು ಹೇಳಿ ಪಿನ್ ಕೇಳಿದರೆ ಹಣ ನಮ್ಮ ಖಾತೆಯಿಂದ ಹೊರಹೋಗುತ್ತಿದೆ ಎಂದೇ ಅರ್ಥ. ವಂಚನೆಗೊಳಗಾದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಈ ನಾಲ್ಕು ವಾಕ್ಯಗಳಷ್ಟು ಅರಿವು ಎಷ್ಟೋ ಮನೆಗಳನ್ನು ಉಳಿಸಬಲ್ಲುದು. ಆದರೆ ಈ ನಾಲ್ಕು ವಾಕ್ಯಗಳನ್ನು ನಮ್ಮ ಮನೆಯ ಹಿರಿಯರ ಬಳಿ ಕುಳಿತು, ಅವರ ಭಾಷೆಯಲ್ಲಿ, ಅವರಿಗೆ ಮನದಟ್ಟಾಗುವಂತೆ ಹೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಇದನ್ನು ಸರಕಾರವೇ ಮಾಡಲಿ ಎನ್ನುವಂತೆಯೂ ಇಲ್ಲ. 2017ರಲ್ಲಿ ಕೇಂದ್ರ ಸರಕಾರವು ಗ್ರಾಮೀಣ ಪ್ರದೇಶದ 6 ಕೋಟಿ ಕುಟುಂಬಗಳನ್ನು ಗುರಿಯಾಗಿಸಿ ಪ್ರಧಾನ ಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನವನ್ನು ಕೈಗೆತ್ತಿಕೊಂಡಿತ್ತು. ಪ್ರತಿ ಮನೆಯಿಂದ ಒಬ್ಬರಿಗೆ ಕಲಿಸುವುದು ಅದರ ಉದ್ದೇಶ. ಒಳ್ಳೆಯ ಯೋಜನೆಯೇ. ಆದರೆ ಅದರ ವಯೋಮಿತಿ 14ರಿಂದ 60 ವರ್ಷ. ಅಂದರೆ, ಯಾರಿಗೆ ಈ ವಿದ್ಯೆ ಅತ್ಯಂತ ಕಠಿಣವೋ ಮತ್ತು ಅತ್ಯಂತ ಅಗತ್ಯವೋ, ಅವರನ್ನೇ ಅದು ಹೊರಗಿಟ್ಟಿತು.

ನೆರೆಯ ಕೇರಳ ಈ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು. 2002ರ ನವೆಂಬರ್‌ನಲ್ಲಿ ಆಗಿನ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಅಲ್ಲಿ ಅಕ್ಷಯ ಯೋಜನೆಯನ್ನು ಉದ್ಘಾಟಿಸಿದರು. ಪ್ರತಿ ಕುಟುಂಬದ ಒಬ್ಬರಿಗಾದರೂ ಕಂಪ್ಯೂಟರ್ ಜ್ಞಾನ ಎಂಬ ಆ ಪ್ರಯೋಗಕ್ಕೆ ಮೊದಲು ಆಯ್ಕೆಯಾದ ಜಿಲ್ಲೆ ಯಾವುದು ಗೊತ್ತೇ? ಮಲಪ್ಪುರಂ. ಎರಡು ದಶಕಗಳ ಬಳಿಕ ತಿರುವನಂತಪುರ ಜಿಲ್ಲೆಯ ಪುಲ್ಲಂಪಾರ ಎಂಬ ಗ್ರಾಮ ಪಂಚಾಯತು ತನ್ನ ಹಿರಿಯರಿಗೂ ಸ್ಮಾರ್ಟ್‌ಫೋನ್ ಬಳಕೆಯನ್ನು ಕಲಿಸಲು ಹೊರಟಿತು. ಉದ್ಯೋಗ ಖಾತರಿ ಕೆಲಸ ನಡೆಯುವ ಸ್ಥಳಗಳಿಗೇ ಹೋಗಿ ಕಲಿಸಲಾಯಿತು. ಆ ಯಶಸ್ಸು ಡಿಜಿ ಕೇರಳ ಎಂಬ ರಾಜ್ಯಮಟ್ಟದ ಅಭಿಯಾನಕ್ಕೆ ದಾರಿಯಾಯಿತು. ಅದಕ್ಕೆ ವಯಸ್ಸಿನ ಮೇಲ್ಮಿತಿ ಇರಲಿಲ್ಲ. ಸುಮಾರು 2.57 ಲಕ್ಷ ಸ್ವಯಂಸೇವಕರ ಮೂಲಕ 21 ಲಕ್ಷಕ್ಕೂ ಅಧಿಕ ಮಂದಿ ಕಲಿತರು. ಅವರಲ್ಲಿ 90 ವರ್ಷ ದಾಟಿದವರೇ 15 ಸಾವಿರಕ್ಕಿಂತ ಹೆಚ್ಚು. ಎರ್ನಾಕುಳಂ ಜಿಲ್ಲೆಯ, ನೂರು ದಾಟಿದ ಮೌಲವಿಯೊಬ್ಬರು ಸ್ಮಾರ್ಟ್‌ಫೋನ್ ಬಳಸಲು ಕಲಿತದ್ದು ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. 2025ರ ಆಗಸ್ಟ್ 21ರಂದು ಕೇರಳವನ್ನು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಘೋಷಿಸಲಾಯಿತು.

ಕೇರಳದ ಇನ್ನೊಂದು ಪ್ರಯೋಗ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಅಲ್ಲಿನ ಪ್ರೌಢಶಾಲೆಗಳಲ್ಲಿ 2018ರಿಂದ ಲಿಟ್ಲ್ ಕೈಟ್ಸ್ ಎಂಬ ವಿದ್ಯಾರ್ಥಿ ಐಟಿ ಕ್ಲಬ್‌ಗಳಿವೆ. 2022ರಲ್ಲಿ ಈ ಕ್ಲಬ್‌ಗಳ ಮಕ್ಕಳನ್ನು ಮುಂದಿಟ್ಟುಕೊಂಡು 3 ಲಕ್ಷ ತಾಯಂದಿರಿಗೆ ಸೈಬರ್ ಸುರಕ್ಷತೆಯ ಪಾಠ ಹೇಳುವ ಯೋಜನೆಯನ್ನು ಹಾಕಿಕೊಳ್ಳಲಾಯಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮಕ್ಕಳನ್ನು ನೇರವಾಗಿ ತಾಯಂದಿರ ಮುಂದೆ ನಿಲ್ಲಿಸಲಿಲ್ಲ. ಏನನ್ನು, ಯಾವ ಕ್ರಮದಲ್ಲಿ ಹೇಳಬೇಕೆಂದು ಮೊದಲು ಮಕ್ಕಳನ್ನೇ ಸಜ್ಜುಗೊಳಿಸಲಾಯಿತು. ನಮ್ಮ ಊರುಗಳಲ್ಲಿ ನಡೆಯಬೇಕಾದದ್ದು ಇದೇ.

ಕಿರಿಯರು ಹಿರಿಯರಿಗೆ ಕಲಿಸುವುದು ನಮ್ಮ ಪರಂಪರೆಗೆ ಹೊಸತೇನೂ ಅಲ್ಲ. ಪ್ರವಾದಿ ಮುಹಮ್ಮದ್(ಸ)ರ ಸೂಚನೆಯಂತೆ ಯಹೂದಿಯರ ಲಿಪಿಯನ್ನು ಕೆಲವೇ ದಿನಗಳಲ್ಲಿ ಕಲಿತು, ಅವರೊಂದಿಗಿನ ಪತ್ರವ್ಯವಹಾರವನ್ನು ನಿರ್ವಹಿಸಿದ ಝೈದ್ ಬಿನ್ ಸಾಬಿತ್(ರ) ಆಗ ಹದಿಹರೆಯದವರು. ಇಡೀ ಸಮುದಾಯದ ಪರವಾಗಿ ಓದಿ ಹೇಳುವ ಹೊಣೆ ಒಬ್ಬ ಹುಡುಗನ ಹೆಗಲಿಗೆ ಬಿತ್ತು. ಖಲೀಫ ಉಮರ್(ರ) ಅವರು ಬದ್ರ್‌ನಲ್ಲಿ ಪಾಲ್ಗೊಂಡ ಹಿರಿಯರ ಸಭೆಯಲ್ಲಿ ಯುವಕ ಇಬ್ನು ಅಬ್ಬಾಸ್(ರ)ರನ್ನೂ ಕುಳ್ಳಿರಿಸುತ್ತಿದ್ದರು. ತಮ್ಮ ಮಕ್ಕಳ ಪ್ರಾಯದವನಿಗೆ ಈ ಸ್ಥಾನವೇಕೆ ಎಂಬ ಆಕ್ಷೇಪ ಬಂದಾಗ ಉಮರ್(ರ) ವಾದಿಸಲಿಲ್ಲ. ಕುರ್‌ಆನಿನ ಒಂದು ಅಧ್ಯಾಯದ ಅರ್ಥವನ್ನು ಎಲ್ಲರಲ್ಲೂ ಕೇಳಿದರು. ಯುವಕನ ಉತ್ತರವೇ ಆಕ್ಷೇಪಕ್ಕೂ ಉತ್ತರವಾಯಿತು. ಅರಿವು ಪ್ರಾಯವನ್ನು ನೋಡಿ ಬರುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳುವ ದೊಡ್ಡತನ ಆ ಹಿರಿಯರಲ್ಲಿತ್ತು.

ಹಾಗೆಯೇ, ಹಸನ್ ಮತ್ತು ಹುಸೈನ್(ರ) ಬಾಲಕರಾಗಿದ್ದಾಗಿನ ಒಂದು ಕಥೆಯನ್ನು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಹೇಳುತ್ತಾ ಬರಲಾಗಿದೆ. ವೃದ್ಧರೊಬ್ಬರು ತಪ್ಪಾಗಿ ವುಝೂ ಮಾಡುತ್ತಿರುವುದನ್ನು ಈ ಸಹೋದರರು ಕಂಡರು. ನೀವು ತಪ್ಪು ಮಾಡುತ್ತಿದ್ದೀರಿ ಎಂದು ಅವರು ಹೇಳಲಿಲ್ಲ. ನಮ್ಮಿಬ್ಬರಲ್ಲಿ ಯಾರ ವುಝೂ ಸರಿಯಾಗಿದೆ ಎಂದು ನೋಡಿ ಹೇಳಿ ಎಂದು ವೃದ್ಧರನ್ನೇ ತೀರ್ಪುಗಾರರನ್ನಾಗಿ ಮಾಡಿದರು. ಇಬ್ಬರೂ ಸರಿಯಾಗಿ ಮಾಡಿ ತೋರಿಸಿದಾಗ ತನ್ನ ತಪ್ಪು ಏನೆಂಬುದು ವೃದ್ಧರಿಗೆ ತಾನಾಗಿ ಅರ್ಥವಾಯಿತು. ಹಿರಿಯರಿಗೆ ಕಲಿಸಲು ಹೊರಡುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಈ ಕಥೆಯೇ ಮೊದಲ ಪಾಠವಾಗಲಿ. ಕಲಿಯುವವರ ಮಾನಕ್ಕೆ ಕುಂದು ಬಾರದಂತೆ ಕಲಿಸುವುದು ಇದರ ತಿರುಳು. ವೃದ್ಧಾಪ್ಯ ತಲುಪಿದ ತಂದೆ-ತಾಯಿಯ ಮುಂದೆ ಬೇಸರದ ಒಂದು ಸಣ್ಣ ಉದ್ಗಾರವನ್ನೂ ಪವಿತ್ರ ಕುರ್‌ಆನ್ ವಿರೋಧಿಸಿರುವಾಗ, "ಎಷ್ಟು ಸಲ ಹೇಳಬೇಕು ನಿಮಗೆ" ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಜಾಗವಿದೆಯೇ?

ಹಾಗಾದರೆ ವಿದ್ಯಾರ್ಥಿಗಳಿಗೆ ನೀಡಬೇಕಾದ ತರಬೇತಿಯಲ್ಲಿ ಏನಿರಬೇಕು? ಮೊದಲನೆಯದು, ಮೊಬೈಲ್ ಹಿರಿಯರ ಕೈಯಲ್ಲೇ ಇರಬೇಕು. ಒತ್ತುವ ಬೆರಳು ಅವರದೇ ಆಗಿರಬೇಕು. ಕಲಿಸುವವರು ತಮ್ಮ ಕೈಗಳನ್ನು ಹಿಂದೆ ಕಟ್ಟಿಕೊಂಡು ಬಾಯಿಯಿಂದ ಮಾತ್ರ ಹೇಳಬೇಕು. ಕೇಳಲು ಸರಳವಾದ ನಿಯಮ. ಪಾಲಿಸಲು ಹದಿಹರೆಯದವರಿಗೆ ಬಹಳ ಕಷ್ಟ. ಆದ್ದರಿಂದಲೇ ಇದಕ್ಕೆ ಅಭ್ಯಾಸ ಬೇಕು. ಇಬ್ಬರು ವಿದ್ಯಾರ್ಥಿಗಳು ಎದುರುಬದುರು ಕುಳಿತು, ಒಬ್ಬ ಏನೂ ಗೊತ್ತಿಲ್ಲದ ಹಿರಿಯನಾಗಿ, ಇನ್ನೊಬ್ಬ ಶಿಕ್ಷಕನಾಗಿ ಹತ್ತಾರು ಬಾರಿ ಮಾಡಿ ನೋಡಲಿ.

ಎರಡನೆಯದು, ಪ್ರಾಯದ ದೇಹವನ್ನು ಅರಿಯುವುದು. ಕಣ್ಣು ಮಂಜಾಗಿದೆ ಎಂದಾದರೆ ಅಕ್ಷರಗಳ ಗಾತ್ರವನ್ನು ಹಿಗ್ಗಿಸಬೇಕು. ಬೆರಳು ನಡುಗುತ್ತದೆ ಅಥವಾ ಪರದೆಯ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದಾದರೆ ಆಂಡ್ರಾಯ್ಡ್ ಫೋನಿನ ಆ್ಯಕ್ಸೆಸಿಬಿಲಿಟಿ ವಿಭಾಗದಲ್ಲಿ ಸ್ಪರ್ಶದ ಅವಧಿಯನ್ನು ಬದಲಿಸಬಹುದು. ಟೈಪ್ ಮಾಡಲು ಆಗದವರಿಗೆ ಕನ್ನಡದಲ್ಲಿ ಮಾತನಾಡಿ ಬರೆಸುವ ಸೌಲಭ್ಯವಿದೆ. ಇವನ್ನು ಮೊದಲು ಸರಿಪಡಿಸದೆ ಪಾಠ ಆರಂಭಿಸಿದರೆ ಹಿರಿಯರು ತಮಗೆ ಬುದ್ಧಿ ಸಾಲದೆಂದು ತಿಳಿದುಕೊಳ್ಳುತ್ತಾರೆ. ನಿಜವಾಗಿ ಸಾಲದಿರುವುದು ಅಕ್ಷರದ ಗಾತ್ರ.

ಮೂರನೆಯದು, ಭಾಷೆ. ಬ್ರೌಸರ್, ಸೆಟ್ಟಿಂಗ್ಸ್, ನೋಟಿಫಿಕೇಶನ್ ಎಂಬ ಪದಗಳು ಮಕ್ಕಳಿಗೆ ನೀರು ಕುಡಿದಷ್ಟು ಸಲೀಸು. ಹಿರಿಯರಿಗೆ ಹಾಗಲ್ಲ. ಕರಾವಳಿಯ ಅಜ್ಜಿಗೆ ಬ್ಯಾರಿಯಲ್ಲಿ, ಭಟ್ಕಳದ ಹಿರಿಯರಿಗೆ ನವಾಯತಿಯಲ್ಲಿ, ಕಲಬುರಗಿ-ವಿಜಯಪುರದವರಿಗೆ ದಖನಿಯಲ್ಲಿ ಹೇಳಬೇಕು. ಅವರ ಬದುಕಿನ ಉದಾಹರಣೆಗಳೇ ಬೇಕು. ಪಿನ್ ಎಂದರೆ ತಿಜೋರಿಯ ಕೀಲಿಕೈ. ಒಟಿಪಿ ಎಂದರೆ ಒಂದೇ ಬಾರಿ ಬಳಸಿ ಎಸೆಯುವ ಕೀಲಿಕೈ. ಕೀಲಿಕೈಯನ್ನು ಅಪರಿಚಿತರಿಗೆ ಕೊಡುತ್ತೀರಾ ಎಂದು ಕೇಳಿದರೆ ಉತ್ತರ ಅವರಲ್ಲೇ ಇದೆ. ಒಂದು ದಿನಕ್ಕೆ ಒಂದೇ ಕೆಲಸ ಕಲಿಸಬೇಕು. ಅದರ ಹೆಜ್ಜೆಗಳನ್ನು ಹಿರಿಯರೇ ತಮ್ಮ ನೋಟ್‌ಬುಕ್‌ನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದುಕೊಳ್ಳಬೇಕು. ಬರೆಯಲು ಬಾರದವರಿಗೆ ವಿದ್ಯಾರ್ಥಿಯು ಚಿತ್ರ ಬರೆದುಕೊಡಬೇಕು. ಮುಂದಿನ ವಾರ ಬಂದಾಗ ಹಿಂದಿನ ವಾರದ ಕೆಲಸವನ್ನು ನೆರವಿಲ್ಲದೆ ಮಾಡಿದರೆ ಮಾತ್ರ ಹೊಸ ಪಾಠ.

ನಾಲ್ಕನೆಯದು ಮತ್ತು ಬಹಳ ಮುಖ್ಯವಾದದ್ದು, ಅಮಾನತ್. ಒಬ್ಬರ ಮೊಬೈಲ್‌ನಲ್ಲಿ ಅವರ ಹಣ, ಕುಟುಂಬದ ಫೋಟೋ, ಆರೋಗ್ಯದ ಗುಟ್ಟು, ಮನೆಯ ಜಗಳ ಎಲ್ಲವೂ ಇರುತ್ತದೆ. ಹಿರಿಯರು ಪಿನ್ ಹಾಕುವಾಗ ವಿದ್ಯಾರ್ಥಿ ಮುಖ ತಿರುಗಿಸಬೇಕು. ಅವರೇ ಹೇಳಲು ಮುಂದಾದರೂ ಕೇಳಬಾರದು; ನನಗೂ ಹೇಳಬೇಡಿ ಎಂದು ವಿನಯದಿಂದ ತಡೆಯಬೇಕು. ಇದು ಏಕಕಾಲದಲ್ಲಿ ಶಿಷ್ಟಾಚಾರವೂ ಹೌದು, ಪಾಠವೂ ಹೌದು. ತನಗೆ ಕಲಿಸುತ್ತಿರುವ ಹುಡುಗನೇ ಪಿನ್ ಕೇಳುವುದಿಲ್ಲ ಎಂದಾದ ಮೇಲೆ ಫೋನಿನಲ್ಲಿ ಯಾರೋ ಕೇಳಿದಾಗ ಹಿರಿಯರಿಗೆ ಸಂಶಯ ಮೂಡದಿರಲು ಸಾಧ್ಯವೇ? ಇನ್ನು, ಹಣಕಾಸಿನ ಅಭ್ಯಾಸವನ್ನು ತಮ್ಮದೇ ಕುಟುಂಬದವರ ಖಾತೆಗೆ ಒಂದು ರೂಪಾಯಿ ಕಳುಹಿಸುವುದರಿಂದ ಆರಂಭಿಸಬೇಕು. ಮಹಿಳೆಯರಿಗೆ ವಿದ್ಯಾರ್ಥಿನಿಯರೇ ಕಲಿಸುವಂತಾದರೆ ಅವರು ಸಂಕೋಚವಿಲ್ಲದೆ ಕೇಳುತ್ತಾರೆ.

ಈ ಬಗ್ಗೆ ಆಕ್ಷೇಪಗಳು ಇಲ್ಲವೆಂದಲ್ಲ. ಮೊಬೈಲ್ ಈಗಾಗಲೇ ಮಕ್ಕಳನ್ನು ಕೆಡಿಸಿದೆ, ಇನ್ನು ಹಿರಿಯರ ಕೈಗೂ ಕೊಟ್ಟು ಅವರ ಆರಾಧನೆಯ ಸಮಯವನ್ನೂ ಹಾಳು ಮಾಡಬೇಕೇ ಎಂದು ಕೇಳುವವರಿದ್ದಾರೆ. ಈ ಆತಂಕದಲ್ಲಿ ಹುರುಳಿದೆ. ಆದರೆ ಸುತ್ತ ನೋಡಿದರೆ, ಮೊಬೈಲ್ ಹಿರಿಯರ ಕೈ ಸೇರಿ ಹಲವು ವರ್ಷಗಳಾದವು. ವಾಟ್ಸಾಪ್‌ನಲ್ಲಿ ಬರುವ ಸುಳ್ಳು ಸುದ್ದಿಯನ್ನು ನಂಬಿ ಮುಂದಕ್ಕೆ ಕಳುಹಿಸುವವರಲ್ಲಿ ಅವರೂ ಇದ್ದಾರೆ. ಯಾರೂ ಕಲಿಸದೇ ಇದ್ದಾಗ ಮೊಬೈಲ್ ಕೈಯಲ್ಲಿರುತ್ತದೆ, ವಿವೇಚನೆ ಮಾತ್ರ ಇರುವುದಿಲ್ಲ. ಸುದ್ದಿಯೊಂದು ಬಂದಾಗ ಪರಿಶೀಲಿಸದೆ ಹರಡಬಾರದು ಎಂಬುದು ನಮ್ಮ ಧರ್ಮವೇ ಕಲಿಸಿರುವ ಶಿಸ್ತು. ಅದನ್ನು ಫಾರ್ವರ್ಡ್ ಗುಂಡಿಗೆ ಅನ್ವಯಿಸಿ ತೋರಿಸುವುದಷ್ಟೇ ಇಲ್ಲಿನ ಕೆಲಸ.

ಮಕ್ಕಳ ಓದಿಗೆ ತೊಂದರೆಯಾಗುವುದಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ವಾರಕ್ಕೆ ಒಂದೂವರೆ ಗಂಟೆ ಎಂಬುದು ನಮ್ಮ ಮಕ್ಕಳು ರೀಲ್ಸ್ ನೋಡುವ ಸಮಯದ ಮುಂದೆ ಏನೂ ಅಲ್ಲ. ಅಲ್ಲದೆ, ಕಲಿಸುವವನೇ ಹೆಚ್ಚು ಕಲಿಯುತ್ತಾನೆ. ಗೊತ್ತಿಲ್ಲದವರಿಗೆ ಅರ್ಥವಾಗುವಂತೆ ಹೇಳುವ ಸಾಮರ್ಥ್ಯವು ಸಂದರ್ಶನದಲ್ಲಿ, ಉದ್ಯೋಗದಲ್ಲಿ, ಸಂಸಾರದಲ್ಲಿ ಎಲ್ಲೆಡೆಯೂ ಬೇಕಾಗುತ್ತದೆ. ಅದನ್ನು ಯಾವ ಪಠ್ಯಪುಸ್ತಕವೂ ಕೊಡುವುದಿಲ್ಲ. ಮೇಲಾಗಿ, ಒಂದೇ ಮನೆಯಲ್ಲಿದ್ದೂ ಪರಸ್ಪರ ಮಾತಿಲ್ಲದೆ ಬದುಕುತ್ತಿರುವ ಎರಡು ತಲೆಮಾರುಗಳು ಇಲ್ಲಿ ಮುಖಾಮುಖಿಯಾಗುತ್ತವೆ. ಹಿರಿಯರು ಮೊಬೈಲ್ ಕಲಿಯುತ್ತಾ ತಾವು ಕಂಡ ಬರಗಾಲದ, ನಡೆದೇ ಶಾಲೆಗೆ ಹೋದ, ಹಡಗಿನಲ್ಲಿ ಹಜ್‌ಗೆ ಹೊರಟವರನ್ನು ಬೀಳ್ಕೊಟ್ಟ ಕಥೆಗಳನ್ನು ಹೇಳುತ್ತಾರೆ. ವಿದ್ಯಾರ್ಥಿ ಶಿಕ್ಷಕನಾಗಿ ಬಂದು ಶಿಷ್ಯನಾಗಿ ಮರಳುತ್ತಾನೆ.

ಇದಕ್ಕೆ ದೊಡ್ಡ ಸಂಸ್ಥೆಯಾಗಲಿ, ದೊಡ್ಡ ಮೊತ್ತವಾಗಲಿ ಬೇಕಿಲ್ಲ. ಪ್ರತಿಯೊಂದು ಜಮಾಅತ್‌ನಲ್ಲಿ ಪಿಯುಸಿ ಮತ್ತು ಪದವಿ ಓದುತ್ತಿರುವ ಹತ್ತು ಹುಡುಗರು, ಹತ್ತು ಹುಡುಗಿಯರು ಸಿಗಲಾರರೇ? ಭಾನುವಾರ ಖಾಲಿ ಇರುವ ಮದ್ರಸ ಸಭಾಂಗಣ ಇಲ್ಲವೇ? ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿದು ನಿವೃತ್ತರಾದ ಒಬ್ಬರು ಮೇಲ್ವಿಚಾರಕರಾಗಿ ದೊರೆಯಲಾರರೇ? ಎರಡು ಭಾನುವಾರ ವಿದ್ಯಾರ್ಥಿಗಳಿಗೆ ಮಾತ್ರ ತರಬೇತಿ. ಆ ಬಳಿಕ ಎಂಟು ಭಾನುವಾರ ಹಿರಿಯರ ತರಗತಿ, ಒಬ್ಬ ವಿದ್ಯಾರ್ಥಿಗೆ ಇಬ್ಬರೇ ಹಿರಿಯರು. ಕರೆ ಮತ್ತು ವಿಡಿಯೋ ಕಾಲ್‌ನಿಂದ ಆರಂಭಿಸಿ, ಸಂದೇಶ ಓದುವುದು, ವಂಚನೆಯನ್ನು ಗುರುತಿಸುವುದು, ಖಾತೆಯ ಬಾಕಿ ನೋಡುವುದು, ಹಣ ಕಳುಹಿಸುವುದು, ಸರಕಾರಿ ಸೇವೆಗೆ ಅರ್ಜಿ ಹಾಕುವುದು, ಹೀಗೆ ಮುಂದುವರಿಯಲಿ. ಕಲಿಯಬಯಸುವವರಿಗೆ ಕಂಪ್ಯೂಟರ್ ಕೀಲಿಮಣೆಯ ಪರಿಚಯವೂ ಆಗಲಿ. ನೆರೆಯ ಹಿಂದೂ, ಕ್ರೈಸ್ತ ಹಿರಿಯರಿಗೂ ಬಾಗಿಲು ತೆರೆದಿರಲಿ. ವಂಚಕರು ಧರ್ಮ ನೋಡಿ ಕರೆ ಮಾಡುವುದಿಲ್ಲ. ಉಪಕಾರವೂ ಧರ್ಮ ನೋಡಬೇಕಿಲ್ಲ.

ನಮ್ಮ ಹಿರಿಯರು ನಮಗೆ ಅಕ್ಷರ ಕಲಿಸಿದರು. ಅಲಿಫ್ ಅನ್ನು ಬಾ ಎಂದು ಓದಿದಾಗ, ಅ ಬರೆಯಲು ಹೋಗಿ ಸೊನ್ನೆ ಬರೆದಾಗ, ನಮ್ಮ ಕೈ ಹಿಡಿದು ಮತ್ತೆ ತಿದ್ದಿಸಿದರು. ಎಷ್ಟನೆಯ ಬಾರಿ ಎಂದು ಅವರು ಲೆಕ್ಕವಿಡಲಿಲ್ಲ. ಈಗ ಅವರ ಮುಂದೆ ಒಂದು ಹೊಸ ಲಿಪಿ ಇದೆ. ಅದನ್ನು ಓದಲಾಗದೆ ಅವರು ತಮ್ಮ ಹಕ್ಕನ್ನು, ಹಣವನ್ನು, ದೂರದ ಮಕ್ಕಳ ಮುಖವನ್ನು ಇನ್ನೊಬ್ಬರ ಮೂಲಕ ಪಡೆಯುವ ಸ್ಥಿತಿಯಲ್ಲಿದ್ದಾರೆ. ಮುಂದಿನ ಶುಕ್ರವಾರದ ನಮಾಝ್‌ನ ಬಳಿಕ ನಿಮ್ಮ ಜಮಾಅತ್‌ನಲ್ಲಿ ಈ ವಿಷಯವನ್ನೊಮ್ಮೆ ಪ್ರಸ್ತಾಪಿಸಿ. ಅದಕ್ಕಿಂತ ಮುಂಚೆ, ಈ ರಾತ್ರಿಯೇ, ನಿಮ್ಮ ಮಗ ಅಥವಾ ಮಗಳನ್ನು ಕರೆದು ಹೇಳಿ: ಅಜ್ಜಿಯ ಪಕ್ಕದಲ್ಲಿ ಕುಳಿತುಕೋ, ಕೈ ಹಿಂದೆ ಕಟ್ಟಿಕೋ, ಅವರೇ ಒತ್ತಲಿ.